ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇರುವ ಮಗನಿಗೆ ಸ್ಟಾರ್ ಚಾರ್ಟ್ ಒಂದೇ ವಾರಕ್ಕೆ ಕೈಕೊಟ್ಟಿತು, ಏನು ಮಾಡಲಿ?

ಎಂಟು ವರ್ಷದ ಮಗ, ಶಾಲೆಯಿಂದ ದಿನಾ ದೂರು, ಹೋಂವರ್ಕಿಗೆ ಎರಡು ಗಂಟೆ ಎಂದು ಬರೆದಿದ್ದೀರಿ. ಒಳ್ಳೆಯ ನಡತೆಗೆ ನಕ್ಷತ್ರ ಅಂಟಿಸುವ ಆ ಚಾರ್ಟಿನಲ್ಲಿ ‘ಒಳ್ಳೆಯವನಾಗಿರಬೇಕು’ ಎಂದಿತ್ತು, ಬಹುಮಾನ ಭಾನುವಾರ. ಎಡವಟ್ಟಾದದ್ದು ಅಲ್ಲೇ.

ಏನು ಮಾಡಬೇಕೆಂದು ಈ ಮಕ್ಕಳಿಗೆ ಗೊತ್ತಿರುತ್ತದೆ, ಮಾಡಬೇಕಾದ ಗಳಿಗೆಯಲ್ಲಿ ಅದು ಕೈಗೆ ಸಿಗುವುದಿಲ್ಲ. ಸೋಮವಾರ ಕ್ಲಾಸಿನಲ್ಲಿ ಎದ್ದು ಓಡುವಾಗ ಭಾನುವಾರದ ಬಹುಮಾನ ಅವನ ಲೆಕ್ಕದಲ್ಲೇ ಇಲ್ಲ. ಸಂಜೆ ಕೂರಿಸಿ ಬುದ್ಧಿ ಹೇಳಿದರೆ ತಲೆಯಾಡಿಸಿ, ಬೆಳಿಗ್ಗೆ ಮತ್ತೆ ಅದನ್ನೇ ಮಾಡುವುದೂ ಇದಕ್ಕೇ.

ಚಾರ್ಟಿನ ಬದಲು ಶಾಲೆಗೆ ದಿನಕ್ಕೊಂದು ಚೀಟಿ ಕಳಿಸಿ. ಗುರಿ ಮೂರು ಸಾಕು, ಎಣಿಸಲು ಬರುವಂಥವು. ಮೊದಲ ವಾರ ಬರೀ ಎಣಿಸಿ. ಒಂದು ಪೀರಿಯಡ್‌ನಲ್ಲಿ ಐದು ಸಲ ‘ಕೂತ್ಕೋ’ ಎನ್ನಬೇಕಾಗುತ್ತಿದ್ದರೆ, ಅದನ್ನು ಮೂರು ಸಲಕ್ಕೆ ಇಳಿಸುವುದು ಗುರಿ, ಸೊನ್ನೆಗಲ್ಲ. ಆರಂಭದಲ್ಲಿ ನಾಲ್ಕರಲ್ಲಿ ಮೂರು ಸಲವಾದರೂ ಅವನು ಗೆಲ್ಲಬೇಕು, ಇಲ್ಲದಿದ್ದರೆ ಆಟವನ್ನೇ ಬಿಡುತ್ತಾನೆ. ಟೀಚರ್ ಹಾಕಬೇಕಾದ್ದು ಪೀರಿಯಡ್‌ಗೊಂದು ಟಿಕ್ ಮಾತ್ರ. ವಾಕ್ಯ ಬರೆಯಿರಿ ಎಂದರೆ ಕೆಲವೇ ದಿನಕ್ಕೆ ಚೀಟಿ ಖಾಲಿ ಬರುತ್ತದೆ, ಅವರ ತಪ್ಪೂ ಅಲ್ಲ. ಬಹುಮಾನ ಅದೇ ಸಂಜೆ: 20 ನಿಮಿಷ ಹೆಚ್ಚು ಆಟ, ಮಲಗುವಾಗಿನ ಕಥೆ ಅವನ ಆಯ್ಕೆ. ಯಾವುದೂ ಬೇಗ ಹಳಸುತ್ತದೆ, ಐದಾರರ ಪಟ್ಟಿ ಅವನ ಜೊತೆಯೇ ಮಾಡಿಟ್ಟು ಬದಲಿಸುತ್ತಿರಿ. ಗಳಿಸಿದ್ದನ್ನು ಸಿಟ್ಟಿನಲ್ಲಿ ಕಿತ್ತುಕೊಳ್ಳಬೇಡಿ.

ಮನೆಯಲ್ಲಿ, ಬೇರೆ ಕೋಣೆಯಿಂದ ಕೂಗಿ ಹೇಳಿದ್ದು ಹೇಳಿದಂತಲ್ಲ. ಹತ್ತಿರ ಹೋಗಿ, ಬಗ್ಗಿ, ಒಂದೇ ಮಾತು: ‘ಷೂ ಸ್ಟ್ಯಾಂಡಿನಲ್ಲಿಡು.’ ‘ಇಡ್ತೀಯಾ?’ ಎಂದರೆ ‘ಇಲ್ಲ’ ಎನ್ನಲು ನೀವೇ ಬಾಗಿಲು ತೆರೆದಂತೆ. ಹೇಳಿದ ಮೇಲೆ ಹತ್ತು ಸೆಕೆಂಡ್ ಬಾಯಿ ಮುಚ್ಚಿಕೊಂಡಿರಿ. ಇಡೀ ವಿಷಯದಲ್ಲಿ ದೊಡ್ಡವರಿಗೆ ಕಷ್ಟವಾಗುವುದು ಇದೇ. ಇಟ್ಟ ತಕ್ಷಣ ‘ಒಂದೇ ಸಲಕ್ಕೆ ಷೂ ಇಟ್ಟೆ ನೋಡು’ ಎನ್ನಿ. ‘ಗುಡ್ ಬಾಯ್’ ಎಂದರೆ ಯಾವುದಕ್ಕೆ ಎಂದು ಅವನಿಗೆ ತಿಳಿಯುವುದಿಲ್ಲ.

ಹೋಂವರ್ಕಿಗೆ 10 ನಿಮಿಷ ಕೆಲಸ, 3 ನಿಮಿಷ ಓಡಾಟ, ಎದುರಿಗೆ ಟೈಮರ್. ಹಾಳೆ ಮಡಚಿ ಮೂರು ಲೆಕ್ಕ ಮಾತ್ರ ಕಾಣುವಂತಿಡಿ. ನಿಂತು ಬರೆದರೆ ಬರೆಯಲಿ.

ಒಂದು ಎಚ್ಚರಿಕೆ. ರಂಪಕ್ಕೆ ಗಮನ ಕೊಡುವುದನ್ನು ನಿಲ್ಲಿಸಿದರೆ ಮೊದಲ ಕೆಲವು ದಿನ ಅದು ಏರಬಹುದು. ಆಗ ನೀವು ಸೋತರೆ, ಇನ್ನೂ ಜೋರಾಗಿ ಕಿರುಚಿದರೆ ಕೆಲಸವಾಗುತ್ತದೆ ಎಂಬುದನ್ನೇ ಕಲಿಸಿದಿರಿ. ಹೊಡೆಯುವುದು, ಎಸೆಯುವುದು ಈ ಲೆಕ್ಕಕ್ಕೆ ಸೇರದು, ಅದನ್ನು ಕೂಡಲೇ ತಡೆಯಬೇಕು.

ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಔಷಧಿ ನಡೆಯುತ್ತಿದ್ದರೆ, ಅದರ ಪ್ರಭಾವ ಇಳಿಯುವ ಹೊತ್ತಿಗೆ ಕಿರಿಕಿರಿ ಹೆಚ್ಚುವುದುಂಟು. ಹೋಂವರ್ಕಿನ ಜಗಳ ಅದೇ ಹೊತ್ತಿಗೆ ಬೀಳುತ್ತಿದೆಯೇ ಎಂದು ಒಂದು ವಾರ ಗಂಟೆ ಬರೆದಿಟ್ಟು ಡಾಕ್ಟರಿಗೆ ತೋರಿಸಿ, ಡೋಸ್ ನೀವೇ ಬದಲಿಸಬೇಡಿ.