ಲಾಗೋಸ್‌ನ ಪುಸ್ತಕ ನೈರೋಬಿ ತಲುಪುವ ದಾರಿ

ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಮಾನಸಗಂಗೋತ್ರಿಯಲ್ಲಿ ಇಂಗ್ಲಿಷ್ ಎಂ.ಎ. ಓದುತ್ತಿದ್ದೇನೆ. ನಮಗೆ ಪಠ್ಯವಾಗಿರುವ ಆಫ್ರಿಕದ ಕಾದಂಬರಿಗಳೆಲ್ಲ ಲಂಡನ್ ಇಲ್ಲವೇ ನ್ಯೂಯಾರ್ಕ್ ಪ್ರಕಾಶಕರವು. ಅಷ್ಟು ದೊಡ್ಡ ಖಂಡದಲ್ಲಿ ಪ್ರಕಾಶಕರೇ ಇಲ್ಲವೇ?
– ವಿದ್ಯಾರ್ಥಿನಿ, ಸರಸ್ವತಿಪುರಂ, ಮೈಸೂರು

ಉತ್ತರ: ಇದ್ದಾರೆ, ಬಹಳ ಕಾಲದಿಂದಲೂ ಇದ್ದಾರೆ. ನೈಜೀರಿಯದ ಒನಿಟ್ಷಾ ಸಂತೆಯಲ್ಲಿ ಎರಡನೆಯ ಮಹಾಯುದ್ಧದ ತರುವಾಯ ಸಣ್ಣ ಮುದ್ರಣಾಲಯಗಳವರು ಅಗ್ಗದ ಕಥೆಪುಸ್ತಕ, ನಾಟಕ, ಪ್ರೇಮಪತ್ರ ಬರೆಯುವ ಕೈಪಿಡಿಗಳನ್ನು ಅಚ್ಚು ಹಾಕಿ ಮಾರುತ್ತಿದ್ದರು. ನೈಜೀರಿಯದ ಅಂತರ್ಯುದ್ಧವಾದ ಬಯಾಫ್ರ ಯುದ್ಧ ಆ ಸಂತೆಯನ್ನು ಹಾಳುಗೆಡಹುವವರೆಗೂ ಅದೊಂದು ಜೀವಂತ ವ್ಯಾಪಾರವಾಗಿತ್ತು. ಆದರೆ ನಿಮ್ಮ ಪಠ್ಯಪಟ್ಟಿಗೆ ಬಂದ ಪುಸ್ತಕಗಳು ಬೇರೆ ದಾರಿಯಲ್ಲಿ ಬಂದವು.

ಮೈಸೂರಿನ ಹಳೆಯ ಪುಸ್ತಕದಂಗಡಿಗಳಲ್ಲಿ ಕಿತ್ತಳೆ ಬಣ್ಣದ ಹೊದಿಕೆಯ, ಕ್ರಮಸಂಖ್ಯೆ ಹಾಕಿದ ಕಾದಂಬರಿಗಳು ಸಿಕ್ಕಿದರೆ ತೆರೆದು ನೋಡಿ. ಶೀರ್ಷಿಕೆ ಪುಟದ ಕೆಳಗೆ ಲಂಡನ್, ಇಬಾದಾನ್, ನೈರೋಬಿ ಎಂದು ಊರುಗಳ ಹೆಸರಿರುತ್ತವೆ; ಮೊದಲ ಹೆಸರು ಲಂಡನ್ನಿನದೇ. ಅದು ಹೈನ್‌ಮನ್ ಸಂಸ್ಥೆ 1962ರಲ್ಲಿ ಆರಂಭಿಸಿದ ಆಫ್ರಿಕನ್ ಲೇಖಕರ ಮಾಲೆ. ನೈಜೀರಿಯದ ಚಿನುವ ಅಚಿಬೆಯವರ ಮೊದಲ ಕಾದಂಬರಿಯೇ ಅದರ ಒಂದನೆಯ ಪುಸ್ತಕ; ಅವರೇ ಮೊದಲ ಹತ್ತು ವರ್ಷ ಅದರ ಸಂಪಾದಕರು. ಈ ಮಾಲೆಯಿಂದ ಎರಡೂವರೆ ನೂರಕ್ಕೂ ಹೆಚ್ಚು ಪುಸ್ತಕಗಳು ಬಂದವು. ಅದು ಮಾಡಿದ ಉಪಕಾರವನ್ನು ಮರೆಯುವಂತಿಲ್ಲ: ಹೊಸದಾಗಿ ಸ್ವತಂತ್ರವಾದ ದೇಶಗಳ ಶಾಲೆಗಳಲ್ಲಿ ಮಕ್ಕಳು ತಮ್ಮವರೇ ಬರೆದದ್ದನ್ನು ಪರೀಕ್ಷೆಗೆ ಓದುವಂತಾಯಿತು. ಆದರೆ ಪುಸ್ತಕಗಳು ಬಹುಪಾಲು ಮಾರಾಟವಾಗುತ್ತಿದ್ದದ್ದು ಆಫ್ರಿಕದಲ್ಲಿ, ಅದೂ ಶಾಲಾ ಪಠ್ಯವಾಗಿ. ನಿರ್ಧಾರ, ಬಂಡವಾಳ, ಲಾಭ ಮಾತ್ರ ಲಂಡನ್ನಿನವು. 1980ರ ದಶಕದ ಆರಂಭದಲ್ಲಿ ನೈಜೀರಿಯದ ತೈಲ ಆದಾಯ ಕುಸಿದು, ವಿದೇಶಿ ವಿನಿಮಯಕ್ಕೆ ಬಿಗಿ ಬಂದಾಗ, ಆಮದು ಪುಸ್ತಕಕ್ಕೆ ಹಣ ಪಾವತಿಸುವುದೇ ಕಷ್ಟವಾಯಿತು. ಮಾಲೆಗೆ ಹೊಸ ಪುಸ್ತಕ ಸೇರುವುದು ಬಹಳ ಕಡಿಮೆಯಾಯಿತು. ಅಲ್ಲಿನ ಗ್ರಂಥಾಲಯಗಳು ವರ್ಷಗಟ್ಟಲೆ ಹೊಸ ಪುಸ್ತಕ ಕಾಣದ ಆ ಕಾಲವನ್ನು ಪ್ರಕಾಶಕರು ಇಂದಿಗೂ ಪುಸ್ತಕ ಕ್ಷಾಮವೆಂದೇ ಕರೆಯುತ್ತಾರೆ.

ಇನ್ನೊಂದು ಕಾರಣ ಹಕ್ಕುಗಳದು. ಲಂಡನ್ನಿನ ಪ್ರಕಾಶಕರು ಇಂಗ್ಲಿಷಿನ ಜಾಗತಿಕ ಹಕ್ಕನ್ನೇ ಒಟ್ಟಾಗಿ ಬರೆಸಿಕೊಂಡರೆ, ಲೇಖಕರ ಸ್ವಂತ ಊರಿನ ಪ್ರಕಾಶಕರಿಗೆ ಆ ಪುಸ್ತಕವನ್ನು ಅಗ್ಗದ ಬೆಲೆಗೆ ಅಚ್ಚು ಹಾಕುವ ಅಧಿಕಾರವೂ ಉಳಿಯುವುದಿಲ್ಲ. ಲಾಗೋಸ್‌ನ ಫರಾಫಿನ ಪ್ರಕಾಶನದವರು ಚಿಮಮಾಂಡ ಅಡಿಚಿಯವರ ಕಾದಂಬರಿಗಳ ನೈಜೀರಿಯದ ಆವೃತ್ತಿ ತಂದದ್ದು ಈ ಕಾರಣದಿಂದಲೇ ದೊಡ್ಡ ಮಾತು. 2006ರಲ್ಲಿ ಅಬೂಜಾದಲ್ಲಿ ಹುಟ್ಟಿದ ಕಸಾವ ರಿಪಬ್ಲಿಕ್ ಪ್ರೆಸ್ ಹತ್ತು ವರ್ಷಗಳ ತರುವಾಯ ಲಂಡನ್ನಿನಲ್ಲೇ ಕಚೇರಿ ತೆರೆದು ತನ್ನ ಪುಸ್ತಕಗಳನ್ನು ಅಲ್ಲಿ ತಾನೇ ಮಾರಹೊರಟಿತು. ಈ ಹಿಮ್ಮುಖ ಪಯಣ ನನಗೆ ಬಹಳ ಸಂತೋಷ ಕೊಟ್ಟ ಸಂಗತಿ.

ಪ್ರಶ್ನೆ: ನಮ್ಮದು ಮಂಡ್ಯದ ಸಣ್ಣ ಪ್ರಕಾಶನ. 2024ರ ಸಾಹಿತ್ಯ ಸಮ್ಮೇಳನ ನಮ್ಮೂರಲ್ಲೇ ನಡೆದಾಗ ಮಳಿಗೆಯಲ್ಲಿ ಒಳ್ಳೆಯ ವ್ಯಾಪಾರವಾಯಿತು; ಉಳಿದ ದಿನಗಳಲ್ಲಿ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯೇ ಗತಿ. ಆಫ್ರಿಕದ ಸಣ್ಣ ಪ್ರಕಾಶಕರು ಏನು ಮಾಡುತ್ತಾರೆ?
– ಪ್ರಕಾಶಕರು, ಮಂಡ್ಯ

ಉತ್ತರ: ನಿಮ್ಮ ಕಷ್ಟವೇ ಅವರದೂ ಹೌದು. ಅಲ್ಲಿನ ಪ್ರಕಾಶಕರ ಆದಾಯದ ದೊಡ್ಡ ಪಾಲು ಶಾಲಾ ಪಠ್ಯಪುಸ್ತಕದಿಂದ ಬರುತ್ತದೆ. ಸರ್ಕಾರ ಪಟ್ಟಿಗೆ ಸೇರಿಸಿದರೆ ಬದುಕು, ಬಿಟ್ಟರೆ ಇಲ್ಲ. ಕಥೆ, ಕವಿತೆ, ವಿಚಾರಗ್ರಂಥಗಳನ್ನು ಪಠ್ಯಪುಸ್ತಕದ ಲಾಭದಿಂದಲೇ ಸಾಕಬೇಕು. ತೆರಿಗೆಯ ವಿಷಯದಲ್ಲಿ ಇನ್ನೂ ಒಂದು ಅನ್ಯಾಯವಿದೆ. 1950ರ ಯುನೆಸ್ಕೊ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಹೊರಗಿನಿಂದ ಬರುವ ಸಿದ್ಧ ಪುಸ್ತಕಕ್ಕೆ ಸುಂಕವಿಲ್ಲ. ಅದೇ ಪುಸ್ತಕವನ್ನು ಊರಲ್ಲೇ ಅಚ್ಚು ಹಾಕಲು ಬೇಕಾದ ಕಾಗದ, ಮಸಿಗಳಿಗೆ ಅನೇಕ ದೇಶಗಳು ಸುಂಕ ಹಾಕುತ್ತ ಬಂದವು. ಹೀಗಾಗಿ ಸ್ಥಳೀಯ ಪುಸ್ತಕವೇ ದುಬಾರಿಯಾಗುತ್ತದೆ. ಕೆನ್ಯಾ 2013ರಲ್ಲಿ ಪುಸ್ತಕದ ಮೇಲೆಯೇ ಶೇ. 16 ಮೌಲ್ಯವರ್ಧಿತ ತೆರಿಗೆ ಹಾಕಿತು. ನಮ್ಮಲ್ಲಿ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಅಚ್ಚಿನ ಕಾಗದಕ್ಕೆ ಇದೆ. ಅದರ ಭಾರ ನಿಮಗೆ ವಿವರಿಸಬೇಕಾಗಿಲ್ಲ.

ಸಾಗಣೆ ಇನ್ನೂ ಕಠಿಣ. ಲಾಗೋಸ್‌ನಲ್ಲಿ ಅಚ್ಚಾದ ಪುಸ್ತಕ ನೈರೋಬಿಯ ಅಂಗಡಿಗೆ ನೇರವಾಗಿ ಹೋಗುವುದಕ್ಕಿಂತ ಇಂಗ್ಲೆಂಡಿನ ಮೂಲಕ ಹೋಗುವುದೇ ಎಷ್ಟೋ ಸಲ ಸುಲಭ. ದೇಶಕ್ಕೊಂದು ನಾಣ್ಯ, ದುಬಾರಿ ವಿಮಾನ ಸಾಗಣೆ, ಗಡಿಯ ತಪಾಸಣೆ, ಮೇಲೆ ಇಂಗ್ಲಿಷ್, ಫ್ರೆಂಚ್, ಪೋರ್ಚುಗೀಸ್ ಎಂಬ ವಸಾಹತು ಕಾಲದ ಗೋಡೆಗಳು. ಇಷ್ಟರ ನಡುವೆ ಅವರು ಮಾಡಿದ ಒಂದು ಕೆಲಸವನ್ನು ನೀವು ಗಮನಿಸಲೇಬೇಕು. 1985ರಲ್ಲಿ ಹಲವು ಆಫ್ರಿಕನ್ ಪ್ರಕಾಶಕರು ಒಟ್ಟುಗೂಡಿ ಆಫ್ರಿಕನ್ ಬುಕ್ಸ್ ಕಲೆಕ್ಟಿವ್ ಎಂಬ ಸಂಸ್ಥೆಯನ್ನು ಕಟ್ಟಿದರು. ಕೆಲವು ವರ್ಷಗಳಲ್ಲಿ ಅದು ಆಕ್ಸ್‌ಫರ್ಡ್‌ನಿಂದ ವ್ಯವಹಾರ ಆರಂಭಿಸಿತು. ಅದರ ಒಡೆಯರು ಪ್ರಕಾಶಕರೇ. ಒಬ್ಬೊಬ್ಬರಾಗಿ ವಿದೇಶಿ ವಿಶ್ವವಿದ್ಯಾಲಯಗಳಿಗೆ ಪಟ್ಟಿ ಕಳಿಸುವ, ಬಿಲ್ಲು ವಸೂಲು ಮಾಡುವ ಶಕ್ತಿ ಇಲ್ಲದವರು ಒಂದೇ ಪಟ್ಟಿ, ಒಂದೇ ಗೋದಾಮು, ಒಂದೇ ಲೆಕ್ಕ ಇಟ್ಟುಕೊಂಡರು. ಮೊದಮೊದಲು ದಾನಿ ಸಂಸ್ಥೆಗಳ ನೆರವಿತ್ತು. ಬೇಡಿಕೆ ಬಂದಾಗ ಬಂದಷ್ಟೇ ಪ್ರತಿ ಅಚ್ಚು ಹಾಕುವ ತಂತ್ರ ಬಂದ ಮೇಲೆ, ಪ್ರಕಾಶಕರು ಪಿಡಿಎಫ್ ಕಳಿಸಿದರೆ ಸಾಕಾಯಿತು. ಗೋದಾಮಿನ ಬಾಡಿಗೆಯೂ ಹಡಗಿನ ಖರ್ಚೂ ತಪ್ಪಿದವು.

ಮೈಸೂರು, ಮಂಡ್ಯ, ಹಾಸನದ ಸಣ್ಣ ಪ್ರಕಾಶಕರು ಕೂಡಿ ಇಂಥದ್ದೊಂದನ್ನು ಮಾಡಲು ಅಡ್ಡಿ ಏನಿದೆ ಎಂದು ನನಗೆ ತೋರುವುದಿಲ್ಲ. ದಸರಾ ಪುಸ್ತಕ ಮೇಳದಲ್ಲಿ ಹತ್ತು ಮಂದಿ ಹತ್ತು ಮೇಜು ಹಾಕಿ ಒಬ್ಬರಿಗೊಬ್ಬರು ಪೈಪೋಟಿಯಲ್ಲಿ ರಿಯಾಯಿತಿ ಕೊಟ್ಟು ಸೋಲುವ ಬದಲು, ಒಂದೇ ಪಟ್ಟಿ, ಒಂದೇ ಫೋನ್ ಸಂಖ್ಯೆ, ಅಂಚೆಗೆ ಒಬ್ಬನೇ ಹುಡುಗ ಎಂದು ಮಾಡಿಕೊಳ್ಳಬಹುದು. ಲೆಕ್ಕವನ್ನು ಮಾತ್ರ ಮೊದಲ ದಿನದಿಂದ ಎಲ್ಲರಿಗೂ ತೆರೆದಿಡಬೇಕು. ಇಂಥ ಒಕ್ಕೂಟಗಳು ಮುರಿಯುವುದು ಪುಸ್ತಕ ಮಾರದೆ ಅಲ್ಲ, ಬಾಕಿ ಹಣದ ಜಗಳದಲ್ಲಿ.

ನೆಲದ ಭಾಷೆಯಲ್ಲಿ ಪುಸ್ತಕ ಮಾರಾಟವಾಗದು ಎನ್ನುವವರಿಗೆ ಕೆನ್ಯಾದ ಲೇಖಕ ಗೂಗಿ ವಾ ಥಿಯಾಂಗೊ ಅವರ ಉದಾಹರಣೆ ಹೇಳಬೇಕು. ಸೆರೆಮನೆಯ ಶೌಚ ಕಾಗದದ ಮೇಲೆ ಅವರು ಗಿಕುಯು ಭಾಷೆಯಲ್ಲಿ ಬರೆದ ಕಾದಂಬರಿಯನ್ನು 1980ರಲ್ಲಿ ನೈರೋಬಿಯಲ್ಲಿ ಹೆನ್ರಿ ಚಕಾವ ಪ್ರಕಟಿಸಿದರು. ಅದಕ್ಕಾಗಿ ಬೆದರಿಕೆಯನ್ನೂ ಹಲ್ಲೆಯನ್ನೂ ಎದುರಿಸಿದರು. ಮೂರರಿಂದ ಐದು ವರ್ಷ ಸಾಕೆಂದು ಅಚ್ಚು ಹಾಕಿದ 5,000 ಪ್ರತಿ ಒಂದೇ ತಿಂಗಳಲ್ಲಿ ಖರ್ಚಾಯಿತು. ಓದುಬರಹ ಬಾರದ ಮನೆಯವರಿಗೆ ಮಕ್ಕಳು ಓದಿ ಹೇಳಿದರು, ಪಾನಗೃಹಗಳಲ್ಲಿ ಒಬ್ಬ ಓದಿದರೆ ಉಳಿದವರು ಕೂತು ಕೇಳಿದರು. ಕುಮಾರವ್ಯಾಸನನ್ನು ಗಮಕಿಗಳ ಬಾಯಲ್ಲಿ ಕೇಳಿದ ನಾಡಿಗೆ ಇದು ಅಪರಿಚಿತ ರೀತಿಯಲ್ಲ. ಹೊಸ ಪುಸ್ತಕ ಬಂದಾಗ ಬಿಡುಗಡೆ ಸಮಾರಂಭದ ಜೊತೆಗೆ, ಮದ್ದೂರಿನಲ್ಲೋ ಪಾಂಡವಪುರದಲ್ಲೋ ಊರವರನ್ನು ಕೂರಿಸಿ ಒಂದು ಅಧ್ಯಾಯ ಓದಿಸಿ ನೋಡಿ.

ಪ್ರಶ್ನೆ: ಆಫ್ರಿಕದಲ್ಲೇ ಪ್ರಕಟವಾದ ಪುಸ್ತಕಗಳನ್ನು ಮೈಸೂರಿಗೆ ತರಿಸಿಕೊಳ್ಳುವುದು ಹೇಗೆ? ಯಾವುದರಿಂದ ಆರಂಭಿಸಲಿ?
– ನಿವೃತ್ತ ಉಪನ್ಯಾಸಕರು, ಕುವೆಂಪುನಗರ, ಮೈಸೂರು

ಉತ್ತರ: ಆಯ್ಕೆಗೆ ನೋಮಾ ಪ್ರಶಸ್ತಿಯ ಪಟ್ಟಿಯನ್ನು ಹಿಡಿಯಿರಿ. ಜಪಾನಿನ ಪ್ರಕಾಶಕ ಶೋಇಚಿ ನೋಮಾ ಸ್ಥಾಪಿಸಿದ ಈ ಪ್ರಶಸ್ತಿ 1980ರಿಂದ 2009ರವರೆಗೆ ನಡೆಯಿತು. ಲೇಖಕರಷ್ಟೇ ಅಲ್ಲ, ಪ್ರಕಾಶಕರೂ ಆಫ್ರಿಕದವರೇ ಆಗಿರಬೇಕೆಂಬುದು ಅದರ ನಿಯಮ. ಮೊದಲ ಪ್ರಶಸ್ತಿ ಸೆನೆಗಲ್‌ನ ಮರಿಯಾಮ ಬಾ ಅವರಿಗೆ, ಡಕಾರ್‌ನಲ್ಲಿ ಅಚ್ಚಾದ ಕಾದಂಬರಿಗಾಗಿ ಬಂತು. ಮೇಲೆ ಹೇಳಿದ ಆಕ್ಸ್‌ಫರ್ಡ್ ಒಕ್ಕೂಟದ ಅಂತರ್ಜಾಲ ಪಟ್ಟಿಯಲ್ಲಿ ಪ್ರಕಾಶಕರ ಹೆಸರು ಹಿಡಿದು ಹುಡುಕಬಹುದು. ದಾರ್ ಎಸ್ ಸಲಾಮ್‌ನ ಮ್ಕುಕಿ ನ ನ್ಯೋಟದಂಥ ಒಳ್ಳೆಯ ಪ್ರಕಾಶನಗಳು ಅಲ್ಲಿ ಸಿಗುತ್ತವೆ. 2019ರ ಬಜೆಟ್ಟಿನಲ್ಲಿ ಆಮದು ಪುಸ್ತಕಕ್ಕೆ ಶೇ. 5 ಸುಂಕ ಬಂದಿತು. ಆದರೂ ಜೇಬಿಗೆ ಹೆಚ್ಚು ಹೊರೆಯಾಗುವುದು ಸಾಗಣೆ ವೆಚ್ಚವೇ. ಆದ್ದರಿಂದ ನಾಲ್ಕೈದು ಮಂದಿ ಸೇರಿ ಒಟ್ಟಿಗೆ ತರಿಸಿಕೊಳ್ಳಿ, ಇಲ್ಲವೇ ಪ್ರಕಾಶಕರ ಹೆಸರು, ಐಎಸ್‌ಬಿಎನ್ ಸಂಖ್ಯೆಗಳನ್ನು ಸ್ಪಷ್ಟವಾಗಿ ಬರೆದು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಶಿಫಾರಸು ಪತ್ರ ಕೊಡಿ. ಹಾಗೆ ಬರೆಯದಿದ್ದರೆ ಸರಬರಾಜುದಾರರು ಲಂಡನ್ ಆವೃತ್ತಿಯನ್ನೇ ತಂದುಕೊಡುತ್ತಾರೆ.