ಕ್ಲಿಕ್ ಮಾಡದಿದ್ದರೂ ಹ್ಯಾಕ್ ಆಗುತ್ತಾ?

ಪ್ರಶ್ನೆ: ನಾನು ಗೊತ್ತಿಲ್ಲದ ಲಿಂಕ್ ಒತ್ತುವುದಿಲ್ಲ, ಪಾಸ್‌ವರ್ಡ್ ಯಾರಿಗೂ ಹೇಳುವುದಿಲ್ಲ. ಆದರೂ ಎಲ್ಲೋ ಕೂತವರು ನನ್ನ ಕಂಪ್ಯೂಟರನ್ನು ಕೈವಶ ಮಾಡಿಕೊಳ್ಳಬಹುದಾ?

ಉತ್ತರ: ಮಾಡಿಕೊಳ್ಳಬಹುದು. ಅಲ್ಲಿ ತಪ್ಪು ನಿಮ್ಮದಲ್ಲ, ಸಾಫ್ಟ್‌ವೇರ್ ಬರೆದವರದು. ನಾನೂ ಪ್ರೋಗ್ರಾಂ ಬರೆದವನೇ, ಇಂಥ ಎಡವಟ್ಟು ನನ್ನಿಂದಲೂ ಆಗಿದೆ.

1988ರ ಮೋರಿಸ್ ವರ್ಮ್ ನೋಡಿ. ವರ್ಮ್ ಅಂದರೆ ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ತಾನಾಗಿಯೇ ಹರಡುವ ಪ್ರೋಗ್ರಾಂ. ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ ಫಿಂಗರ್ ಎಂಬ ಸೇವೆ ಹೊರಗಿಂದ ಬರುವ ಅಕ್ಷರಗಳ ಸಾಲಿಗೆ 512 ಬೈಟ್ ಜಾಗ ಇಟ್ಟಿತ್ತು. ಎಷ್ಟು ಬಂತು ಅಂತ ಅಳೆಯುತ್ತಲೇ ಇರಲಿಲ್ಲ. ವರ್ಮ್ 536 ಬೈಟ್ ಕಳಿಸಿತು. ಹೆಚ್ಚಾದದ್ದು ಬರೀ 24 ಬೈಟ್! ಅದು ಪಕ್ಕದ ಜಾಗಕ್ಕೆ ತುಳುಕಿತು. ‘ಈ ಕೆಲಸ ಮುಗಿದ ಮೇಲೆ ಎಲ್ಲಿಗೆ ಹೋಗಬೇಕು’ ಎಂಬ ವಿಳಾಸ ಇದ್ದದ್ದು ಅಲ್ಲೇ. ಅದು ಅಳಿಸಿ ವರ್ಮ್ ಕೊಟ್ಟ ವಿಳಾಸ ಕೂತಿತು. ಕಂಪ್ಯೂಟರ್‌ಗೆ ಅನುಮಾನ ಪಡೋದು ಗೊತ್ತಿಲ್ಲ ಅಲ್ವಾ? ಸುಮ್ನೆ ಅಲ್ಲಿಗೆ ಹೋಗಿ ಹೇಳಿದ್ದನ್ನು ಮಾಡಿತು.

ಹಳೇ ಕಥೆ ಅನ್ನಬೇಡಿ. 2017ರ ಮೇ ತಿಂಗಳಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಎಂಬ ವರ್ಮ್ ಹರಡಿದ್ದು ವಿಂಡೋಸ್‌ನ ಫೈಲ್ ಹಂಚಿಕೆಯಲ್ಲಿದ್ದ ದೋಷದಿಂದ. ಅದಕ್ಕೂ ಯಾರೂ ಕ್ಲಿಕ್ ಮಾಡಬೇಕಿರಲಿಲ್ಲ. ನನಗೆ ಹೊಟ್ಟೆ ಉರಿಯುವುದು ಇಲ್ಲೇ: ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಆ ದೋಷ ಮುಚ್ಚುವ ತೇಪೆ, ಅಂದರೆ ಅಪ್‌ಡೇಟ್, ಬಿಟ್ಟಿತ್ತು. ಹಾಕಿಕೊಳ್ಳದವರೇ ಜಾಸ್ತಿ ಸಿಕ್ಕಿಬಿದ್ದರು.

ಹಾಗಾಗಿ ಅಪ್‌ಡೇಟ್ ಬಂದಾಗ ‘ನಾಳೆ ನೆನಪಿಸು’ ಒತ್ತಬೇಡಿ. ಹಾಕಿ, ರೀಸ್ಟಾರ್ಟ್ ಮಾಡಿ. ವೈಫೈ ರೂಟರ್‌ನಲ್ಲೂ ಸಾಫ್ಟ್‌ವೇರ್ ಇದೆ, ಅದಕ್ಕೂ ಅಪ್‌ಡೇಟ್ ಬೇಕು. ಅದನ್ನಂತೂ ಎಲ್ಲರೂ ಮರೆಯುತ್ತಾರೆ.