ಆಂಡ್ರೊಮಿಡಾ ನಮ್ಮ ಆಕಾಶಗಂಗೆಯ ಹೊರಗಿದೆ ಎಂದು ಗೊತ್ತಾದದ್ದು ಹೇಗೆ?

ಇಂಡಿ ತಾಲ್ಲೂಕಿನ ನಿವೃತ್ತ ಮಾಸ್ತರರೊಬ್ಬರ ಪತ್ರದ ಸಾರ:

‘ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೋದವರು ಕತ್ತಲಾದ ಮೇಲೂ ಹೊಲದಲ್ಲೇ ಕೂತಿದ್ದೆವು. ಮೊಮ್ಮಗಳು ದುರ್ಬೀನು ಕೊಟ್ಟು ಆಂಡ್ರೊಮಿಡಾ ತೋರಿಸಿದಳು. ಬರೀ ಒಂದು ಮಸುಕು. ಅದು ಆಕಾಶಗಂಗೆಯ ಹೊರಗಿರುವ ಬೇರೆ ಗ್ಯಾಲಕ್ಸಿ ಎಂದಳು. ಯಾರೂ ಹೋಗಿ ಬಂದಿಲ್ಲವಲ್ಲ, ಹೊರಗಿದೆ ಅಂತ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಹಬಲ್ ದೊಡ್ಡ ದೂರದರ್ಶಕದಲ್ಲಿ ನೋಡಿದರಂತೆ ಎಂದಳು. ನೋಡಿದರೆ ದೂರ ತಿಳಿಯುತ್ತದೆಯೆ? ಮತ್ತೊಂದು: ನನ್ನ ಹಳೆಯ ಪುಸ್ತಕದಲ್ಲಿ ಅದರ ದೂರ 9 ಲಕ್ಷ ಜ್ಯೋತಿರ್ವರ್ಷ ಎಂದಿದೆ, ಅವಳ ಪುಸ್ತಕದಲ್ಲಿ 25 ಲಕ್ಷ. ಯಾವುದನ್ನು ನಂಬಲಿ?’

ಸಂಪಾದಕರ ಉತ್ತರ:

ಮಾಸ್ತರರೇ, ನಮಸ್ಕಾರ.

ನೋಡಿದ ಮಾತ್ರಕ್ಕೆ ದೂರ ತಿಳಿಯುವುದಿಲ್ಲ. ನೋಡಿದ್ದರಿಂದಲೇ ತಿಳಿಯುವಂತಿದ್ದರೆ ಸಾವಿರ ವರ್ಷ ಕಾಯಬೇಕಿರಲಿಲ್ಲ. ಪರ್ಶಿಯಾದ ಅಲ್-ಸೂಫಿ 964ರಲ್ಲೇ ಆ ಮಸುಕನ್ನು ಪುಟ್ಟ ಮೋಡವೆಂದು ಬರೆದಿಟ್ಟಿದ್ದರು. ಫ್ರಾನ್ಸಿನ ಖಗೋಳಜ್ಞ ಮೆಸ್ಸಿಯೇ ಇಂಥ ಮಸುಕುಗಳ ತಮ್ಮ ಪಟ್ಟಿಯಲ್ಲಿ ಅದಕ್ಕೆ 31ನೆಯ ಸ್ಥಾನ ಕೊಟ್ಟರು. ಇಂಥವು ನಮ್ಮದರಂತೆಯೇ ಇರುವ ಬೇರೆ ನಕ್ಷತ್ರಲೋಕಗಳಿರಬೇಕು ಎಂದು ತತ್ವಜ್ಞಾನಿ ಕಾಂಟ್ 1755ರಲ್ಲಿ ಊಹಿಸಿದರು. 1845ರಲ್ಲಿ ಐರ್ಲೆಂಡಿನ ಲಾರ್ಡ್ ರಾಸ್ ತಮ್ಮ 72 ಅಂಗುಲದ ದೂರದರ್ಶಕದಲ್ಲಿ ಇಂಥದೇ ಇನ್ನೊಂದು ಮಸುಕಿನ (ನೀಹಾರಿಕೆಯ) ಸುರುಳಿಯಾಕಾರವನ್ನೇ ಕಂಡರು. ಆದರೂ ಅವು ಹತ್ತಿರದ ಅನಿಲದ ಸುಳಿಗಳೋ, ಬಲು ದೂರದ ನಕ್ಷತ್ರಸಮೂಹಗಳೋ ಎಂಬುದು ತೀರ್ಮಾನವಾಗಲಿಲ್ಲ.

ರಾತ್ರಿ ನಿಮ್ಮ ಹೊಲದಾಚೆ ಒಂದು ದೀಪ ಕಂಡಿತೆನ್ನಿ. ಹತ್ತಿರದ ಕಂದೀಲೋ, ದೂರದ ಟ್ರ್ಯಾಕ್ಟರಿನ ದೀಪವೋ, ಬರೀ ಬೆಳಕು ನೋಡಿ ಹೇಳಲಾಗದು. ಟ್ರ್ಯಾಕ್ಟರಿನದೇ ಎಂದು ಖಾತ್ರಿಯಾದರೆ ಮಾತ್ರ ಎಷ್ಟು ಮಂದವಾಗಿದೆ ಎಂಬುದರಿಂದ ಎಷ್ಟು ದೂರವಿದೆ ಎಂದು ಲೆಕ್ಕ ಹಾಕಬಹುದು. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಆಕಾಶದಲ್ಲಿ ಹಾಗೆ ಗುರುತು ಹಿಡಿಯುವ ದಾರಿ ತೋರಿಸಿದವರು ಹೆನ್ರಿಯೆಟಾ ಲೆವಿಟ್. ನಿಮ್ಮ ಮೊಮ್ಮಗಳಿಗೆ ಮೊದಲು ಈ ಹೆಸರು ಹೇಳಿ. ಈ ಕಥೆಯನ್ನು ಅಮೆರಿಕದ ಖಗೋಳಜ್ಞ ಹಬಲ್ ಅವರಿಂದ ಶುರುಮಾಡುವುದು ಅನ್ಯಾಯ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಲೆವಿಟ್ ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದಲ್ಲಿ ಗಾಜಿನ ಫೋಟೊ ಫಲಕಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದರು. ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಪೆರು ದೇಶದ ಅರೆಕ್ವಿಪಾದಲ್ಲಿ ತೆಗೆದ ಫಲಕಗಳು ಅವರ ಮೇಜಿಗೆ ಬರುತ್ತಿದ್ದವು. ಅವುಗಳಲ್ಲಿದ್ದದ್ದು ದಕ್ಷಿಣ ಆಕಾಶದ ಚಿಕ್ಕ ಮೆಗೆಲಾನಿಕ್ ಮೋಡ ಎಂಬ ನಕ್ಷತ್ರಸಮೂಹ. ಅದು ಲೆವಿಟ್ ಕೆಲಸ ಮಾಡುತ್ತಿದ್ದ ಊರಿನಿಂದ ಕಾಣುವುದಿಲ್ಲ. ನಮ್ಮ ವಿಜಯಪುರದಿಂದಲೂ ಕಾಣುವುದಿಲ್ಲವೆಂದೇ ಹೇಳಬೇಕು, ದಿಗಂತಕ್ಕೆ ಅಷ್ಟು ಅಂಟಿಕೊಂಡಿರುತ್ತದೆ. ಆ ಮೋಡದಲ್ಲಿ ಕೆಲವು ನಕ್ಷತ್ರಗಳ ಬೆಳಕು ಕ್ರಮವಾಗಿ ಏರುತ್ತದೆ, ಇಳಿಯುತ್ತದೆ. ಸೆಫೀಡ್ ಎಂಬ ಜಾತಿಯವು. ಇಂಥ 25 ನಕ್ಷತ್ರಗಳನ್ನು ಹೋಲಿಸಿ ಲೆವಿಟ್ 1912ರಲ್ಲಿ ಒಂದು ನಿಯಮ ಪ್ರಕಟಿಸಿದರು: ಏರಿಳಿತದ ಅವಧಿ ದೀರ್ಘವಾದಷ್ಟೂ ನಕ್ಷತ್ರ ಹೆಚ್ಚು ಪ್ರಕಾಶಮಾನ. ಇದರ ಜಾಣ್ಮೆ ಎಲ್ಲಿದೆ ನೋಡಿ. ಆ 25ಕ್ಕೂ ಒಂದೇ ಮೋಡ, ಅಂದರೆ ನಮ್ಮಿಂದ ಹೆಚ್ಚುಕಡಿಮೆ ಒಂದೇ ದೂರ. ಹಾಗಾಗಿ ಅಲ್ಲಿ ಪ್ರಖರವಾಗಿ ಕಂಡದ್ದು ನಿಜವಾಗಿಯೂ ಪ್ರಖರವೇ, ಹತ್ತಿರವಿದೆ ಎಂಬ ಕಾರಣಕ್ಕಲ್ಲ. ಇನ್ನು ಯಾವ ಸೆಫೀಡ್ ಸಿಕ್ಕರೂ ಅದರ ಏರಿಳಿತದ ದಿನ ಎಣಿಸಿದರೆ ನಿಜವಾದ ಪ್ರಕಾಶ ಗೊತ್ತು, ಅದರಿಂದ ದೂರ ಗೊತ್ತು. ಮರುವರ್ಷವೇ ಡೆನ್ಮಾರ್ಕಿನ ಹರ್ಟ್ಸ್‌ಸ್ಪ್ರುಂಗ್ ನಮಗೆ ಹತ್ತಿರದ ಸೆಫೀಡ್‌ಗಳ ನೆರವಿನಿಂದ ಆ ಅಳತೆಗೋಲಿಗೆ ಅಂಕಿ ಹಾಕಿದರು.

ಅಷ್ಟರಲ್ಲಿ ಎರಡು ಪಕ್ಷಗಳಾಗಿದ್ದವು. 1920ರ ಏಪ್ರಿಲ್ 26ರಂದು ವಾಷಿಂಗ್ಟನ್ನಿನಲ್ಲಿ ಅಮೆರಿಕದ ಖಗೋಳಜ್ಞರಾದ ಶಾಪ್ಲೀ ಮತ್ತು ಕರ್ಟಿಸ್ ಎದುರುಬದುರಾದರು. ನಮ್ಮ ಆಕಾಶಗಂಗೆಯೇ 3 ಲಕ್ಷ ಜ್ಯೋತಿರ್ವರ್ಷ ಅಗಲವಿದೆ, ಈ ಸುರುಳಿಗಳು ಅದಕ್ಕೆ ಸೇರಿದವೇ ಎಂದು ಶಾಪ್ಲೀ. ಇಲ್ಲ, ಅವು ಹೊರಗಿನವು ಎಂದು ಕರ್ಟಿಸ್. ಶಾಪ್ಲೀ ಅವರನ್ನು ಹಟಮಾರಿ ಎಂದುಕೊಳ್ಳಬೇಡಿ. ವಾನ್ ಮಾನೆನ್ ಎಂಬ ನುರಿತ ಖಗೋಳಜ್ಞರು ಒಂದು ಸುರುಳಿ ಫೋಟೊಗಳಲ್ಲಿ ಕಾಣುವಷ್ಟು ತಿರುಗಿದೆ ಎಂದು ಅಳೆದಿದ್ದರು. ಅದು ಬಹುದೂರದ್ದಾಗಿದ್ದರೆ ಬೆಳಕಿಗಿಂತ ವೇಗವಾಗಿ ತಿರುಗಬೇಕಾಗುತ್ತಿತ್ತು! ಆ ಅಳತೆಯೇ ತಪ್ಪೆಂದು ತಿಳಿದದ್ದು ಆಮೇಲೆ. ಸೂರ್ಯ ಆಕಾಶಗಂಗೆಯ ನಡುವಿನಲ್ಲಿಲ್ಲ ಎಂಬ ವಿಷಯದಲ್ಲಂತೂ ಶಾಪ್ಲೀ ಅವರೇ ಸರಿ. ವಾದದಿಂದ ಏನೂ ಇತ್ಯರ್ಥವಾಗಲಿಲ್ಲ. ಬೇಕಾಗಿದ್ದದ್ದು ಒಂದು ಸುರುಳಿಯೊಳಗಿನ ಒಂದೇ ಒಂದು ಸೆಫೀಡ್.

ಅದು ಸಿಕ್ಕಿದ್ದು 1923ರ ಅಕ್ಟೋಬರಿನಲ್ಲಿ. ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ಮೇಲಿನ 100 ಅಂಗುಲದ ದೂರದರ್ಶಕದಿಂದ ಹಬಲ್ ಆಂಡ್ರೊಮಿಡಾದ ಫೋಟೊ ತೆಗೆದರು. ಹೊಸದಾಗಿ ಕಂಡ ಮೂರು ಚುಕ್ಕೆಗಳನ್ನು ತಟ್ಟನೆ ಉರಿದು ಆರುವ ನೋವಾಗಳೆಂದು ಗುರುತು ಹಾಕಿದರು. ಹಳೆಯ ಫಲಕಗಳ ಜೊತೆ ಹೋಲಿಸಿದಾಗ ಅವುಗಳಲ್ಲೊಂದು ಏರಿಳಿಯುತ್ತಿರುವುದು ಕಂಡಿತು. ಗುರುತು ಹೊಡೆದುಹಾಕಿ, ‘ಬದಲಾಗುವ ನಕ್ಷತ್ರ’ ಎಂಬರ್ಥದ ಮೂರಕ್ಷರ ಬರೆದು ಮುಂದೊಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿದರು. ಅವಧಿ ಸುಮಾರು 31 ದಿನ. ಅಂದರೆ ಸೂರ್ಯನ ಸಾವಿರಾರು ಪಟ್ಟು ಪ್ರಕಾಶ. ಅಂಥದ್ದು ಅಷ್ಟು ಮಂಕಾಗಿ ಕಾಣಬೇಕಾದರೆ ದೂರ ಸುಮಾರು 9 ಲಕ್ಷ ಜ್ಯೋತಿರ್ವರ್ಷ. ಹಬಲ್ 1924ರ ಫೆಬ್ರವರಿಯಲ್ಲಿ ಇದನ್ನು ಶಾಪ್ಲೀ ಅವರಿಗೇ ಬರೆದು ತಿಳಿಸಿದರು. ತನ್ನ ವಿಶ್ವವನ್ನು ನಾಶಮಾಡಿದ ಪತ್ರ ಇದೇ ಎಂದು ಶಾಪ್ಲೀ ಸಹೋದ್ಯೋಗಿಗೆ ತೋರಿಸಿದರಂತೆ. 1925ರ ಜನವರಿ 1ರಂದು ಹಬಲ್ ಅವರ ಪ್ರಬಂಧವನ್ನು ವಾಷಿಂಗ್ಟನ್ನಿನ ಸಭೆಯಲ್ಲಿ ಬೇರೊಬ್ಬರು ಓದಿದರು. ಲೆವಿಟ್ 1921ರಲ್ಲೇ ತೀರಿಕೊಂಡಿದ್ದರು. ತಮ್ಮ ನಿಯಮದಿಂದ ಏನು ಸಾಧ್ಯವಾಯಿತೆಂದು ಅವರಿಗೆ ತಿಳಿಯಲೇ ಇಲ್ಲ ಎಂಬುದು ನನಗೆ ಈಗಲೂ ಸಂಕಟದ ಮಾತು.

ಇನ್ನು ನಿಮ್ಮ ಎರಡು ಪುಸ್ತಕಗಳ ಜಗಳ. 9 ಲಕ್ಷ ಎಂಬುದು ಹಬಲ್ ಅವರ ಲೆಕ್ಕ. ಎರಡನೇ ಮಹಾಯುದ್ಧದಲ್ಲಿ ಲಾಸ್ ಏಂಜಲೀಸಿನ ದೀಪಗಳನ್ನು ಆರಿಸುತ್ತಿದ್ದಾಗ ಮೌಂಟ್ ವಿಲ್ಸನ್ನಿನ ಆಕಾಶ ಕಪ್ಪಾಯಿತು. ಆಗ ಅಲ್ಲಿನ ಖಗೋಳಜ್ಞ ವಾಲ್ಟರ್ ಬಾಡೆ ಆಂಡ್ರೊಮಿಡಾದ ನಕ್ಷತ್ರಗಳಲ್ಲಿ ಎರಡು ಬಗೆಯಿರುವುದನ್ನು ಕಂಡರು. ಸೆಫೀಡ್‌ಗಳಲ್ಲೂ ಎರಡು ಬಗೆ, ಹಬಲ್ ಕಂಡದ್ದು ಹೆಚ್ಚು ಪ್ರಖರವಾದ ಬಗೆ ಎಂದು 1952ರಲ್ಲಿ ಅವರು ಸಾರಿದಾಗ ದೂರ ಒಮ್ಮೆಲೇ ಎರಡು ಪಟ್ಟಾಯಿತು. ಆಮೇಲಿನ ಅಳತೆಗಳು ಅದನ್ನು 25 ಲಕ್ಷಕ್ಕೆ ತಂದವು. ಹಾಗಾಗಿ ಅಂಕಿಯ ಮಟ್ಟಿಗೆ ಮೊಮ್ಮಗಳ ಪುಸ್ತಕವನ್ನೇ ನಂಬಿ. ನಿಮ್ಮ ಮೊದಲ ಪ್ರಶ್ನೆಗೆ ಮಾತ್ರ ಹಳೆಯ ಪುಸ್ತಕದ ಅಂಕಿಯೂ ಸಾಕು: ಶಾಪ್ಲೀ ಹೇಳಿದ ಅತಿ ದೊಡ್ಡ ಆಕಾಶಗಂಗೆ 3 ಲಕ್ಷ, ಹಬಲ್ ಲೆಕ್ಕ ಹಾಕಿದ ಆ ಕಡಿಮೆ ದೂರವೇ ಅದರ ಮೂರು ಪಟ್ಟು.